ಸೋತಷ್ಟೂ ಸೆಳೆಯುವ ಆಟ: 'ರೋಗ್‌ಲೈಕ್' ಗೇಮ್‌ಗಳ ಮೇಲೆ ಪ್ರೀತಿ ಬೆಳೆಯುವುದು ಹೇಗೆ?

ಅರ್ಧ ಗಂಟೆ ಬೆವರು ಸುರಿಸಿ ಆಡಿದ ಆಟ. ಕೈಯಲ್ಲಿ ಒಳ್ಳೆಯ ಆಯುಧ, ಚೀಲದ ತುಂಬ ಚಿನ್ನ, ಗುರಿಗೆ ಇನ್ನೊಂದೆರಡು ಹಂತವಷ್ಟೇ ಬಾಕಿ. ಅಷ್ಟರಲ್ಲಿ ಒಂದೇ ಒಂದು ತಪ್ಪು ಹೆಜ್ಜೆ, ಪಾತ್ರ ಸತ್ತುಹೋಗುತ್ತದೆ. ಆಯುಧ ಇಲ್ಲ, ಚಿನ್ನ ಇಲ್ಲ, ದಾಟಿ ಬಂದ ಹಂತಗಳೂ ಇಲ್ಲ. ಆಟ ಮತ್ತೆ ಮೊದಲ ಬಾಗಿಲಿನಿಂದಲೇ ಶುರು. ಅದೂ ಹಿಂದೆಂದೂ ಕಾಣದ ಹೊಸ ನಕ್ಷೆಯೊಂದಿಗೆ.

ಇಂಥ ಆಟವನ್ನು ಯಾರಾದರೂ ಎರಡನೇ ಸಲ ಮುಟ್ಟುತ್ತಾರೆಯೇ? ಮುಟ್ಟುವುದಷ್ಟೇ ಅಲ್ಲ, ನೂರು ಸಲ, ಇನ್ನೂರು ಸಲ ಆಡುತ್ತಾರೆ. ಕೆನಡಾದ ಒಬ್ಬನೇ ಡೆವಲಪರ್ ಸಿದ್ಧಪಡಿಸಿ 2024ರ ಫೆಬ್ರವರಿಯಲ್ಲಿ ಬಿಡುಗಡೆಯಾದ 'ಬಲಾಟ್ರೊ' ಒಂದು ವರ್ಷ ತುಂಬುವ ಮೊದಲೇ 50 ಲಕ್ಷ ಪ್ರತಿ ಮಾರಾಟವಾಯಿತು. 2023ರಲ್ಲಿ ಬ್ರಿಟನ್ನಿನ ಬಾಫ್ಟಾ ಗೇಮ್ಸ್ ಪ್ರಶಸ್ತಿಗಳಲ್ಲಿ ವರ್ಷದ ಅತ್ಯುತ್ತಮ ಗೇಮ್ ಎನಿಸಿಕೊಂಡದ್ದು 'ವ್ಯಾಂಪೈರ್ ಸರ್ವೈವರ್ಸ್' ಎಂಬ ಅಗ್ಗದ ಪುಟ್ಟ ಆಟ. ಅದು ಹಿಂದಿಕ್ಕಿದ ಸ್ಪರ್ಧಿಗಳಲ್ಲಿ 'ಎಲ್ಡನ್ ರಿಂಗ್'ನಂಥ ಭಾರಿ ಬಜೆಟ್ಟಿನ ಗೇಮ್ ಕೂಡ ಇತ್ತು.

ಇವೆಲ್ಲ 'ರೋಗ್‌ಲೈಕ್' ಎಂಬ ಒಂದೇ ಕುಟುಂಬಕ್ಕೆ ಸೇರಿದ ಆಟಗಳು. ಮೊದಲ ದಿನ ಸಿಟ್ಟು ಬರಿಸಿ, ತಿಂಗಳು ಕಳೆಯುವಷ್ಟರಲ್ಲಿ ಬಿಡಲಾಗದಂತೆ ಹಿಡಿದುಕೊಳ್ಳುವ ಈ ಆಟಗಳ ಗುಟ್ಟೇನು? ಮೊಬೈಲಿನಲ್ಲಿ ಇಸ್ಪೀಟಿನ ಎಲೆ ಕಂಡು ಗಾಬರಿಯಾಗುವ ಅಪ್ಪ ಅಮ್ಮಂದಿರು ಕೇಳುವಂತೆ, ಇದು ಜೂಜೇ? ಇಲ್ಲಿದೆ ವಿವರ.

ಹೆಸರಿನಲ್ಲೇ ಇದೆ ಹುಟ್ಟಿನ ಕಥೆ

ರೋಗ್‌ಲೈಕ್ ಎಂದರೆ 'ರೋಗ್' ಎಂಬ ಆಟದಂತಿರುವ ಆಟ. ಕನ್ನಡದ ರೋಗಕ್ಕೂ ಇದಕ್ಕೂ ಸಂಬಂಧವಿಲ್ಲ. ಇಂಗ್ಲಿಷಿನಲ್ಲಿ ರೋಗ್ ಎಂದರೆ ಠಕ್ಕ, ಪೋಕರಿ. 1980ರ ಸುಮಾರಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾಕ್ರೂಜ್ ಕ್ಯಾಂಪಸ್ಸಿನಲ್ಲಿ ಓದುತ್ತಿದ್ದ ಮೈಕೆಲ್ ಟಾಯ್ ಮತ್ತು ಗ್ಲೆನ್ ವಿಚ್‌ಮನ್ ಇದನ್ನು ಬರೆದರು. ಬಳಿಕ ಬರ್ಕ್‌ಲಿ ಕ್ಯಾಂಪಸ್ಸಿನ ಕೆನ್ ಆರ್ನಲ್ಡ್ ಕೈಜೋಡಿಸಿದರು. ಪರದೆಯ ಯಾವ ಜಾಗದಲ್ಲಿ ಬೇಕಾದರೂ ಅಕ್ಷರ ಮೂಡಿಸಲು ನೆರವಾಗುವ 'ಕರ್ಸಸ್' ಎಂಬ ಸಾಫ್ಟ್‌ವೇರ್ ಬರೆದವರು ಇದೇ ಆರ್ನಲ್ಡ್. ಅದೇ ಈ ಆಟಕ್ಕೆ ಆಧಾರವಾಯಿತು.

ಆಗ ಚಿತ್ರಗಳಿರಲಿಲ್ಲ. ಇಂದು ಇಮೇಲ್ ವಿಳಾಸದಲ್ಲಿ ಬಳಸುವ 'ಅಟ್' ಚಿಹ್ನೆಯೇ ನಾಯಕ. ಚುಕ್ಕಿಗಳೇ ನೆಲ, ಗೆರೆಗಳೇ ಗೋಡೆ. ಇಂಗ್ಲಿಷಿನ 26 ದೊಡ್ಡ ಅಕ್ಷರಗಳು 26 ಬಗೆಯ ಶತ್ರುಗಳು. ಡಿ ಅಕ್ಷರ ಕಂಡರೆ ಡ್ರ್ಯಾಗನ್, ಝಡ್ ಕಂಡರೆ ಜೋಂಬಿ. ನೆಲಮಾಳಿಗೆಯಲ್ಲಿ 26 ಅಂತಸ್ತು ಕೆಳಗಿಳಿದು, 'ಯೆಂಡರ್‌ನ ತಾಯಿತ' ಹುಡುಕಿ, ಜೀವಂತ ಮೇಲೆ ಬರಬೇಕು.

ಆ ಕಾಲದ ಸಾಹಸ ಆಟಗಳಲ್ಲಿ ಒಗಟುಗಳು ಪ್ರತಿಸಲವೂ ಒಂದೇ ಆಗಿರುತ್ತಿದ್ದವು. ಒಮ್ಮೆ ಬಿಡಿಸಿದರೆ ಮುಗಿಯಿತು. ಅದರಲ್ಲೂ ಬರೆದವನಿಗಂತೂ ಅಂಥ ಆಟದಲ್ಲಿ ಕುತೂಹಲವೇ ಉಳಿಯುವುದಿಲ್ಲ. ತಾವು ಬರೆದ ಆಟ ತಮ್ಮನ್ನೇ ಅಚ್ಚರಿಗೊಳಿಸಬೇಕು ಎಂಬುದು ಟಾಯ್ ಮತ್ತು ವಿಚ್‌ಮನ್ ಅವರ ಆಸೆ. ಹಾಗಾಗಿ ಕೋಣೆಗಳನ್ನು, ಶತ್ರುಗಳನ್ನು, ವಸ್ತುಗಳನ್ನು ಪ್ರತಿ ಆಟಕ್ಕೂ ಕಂಪ್ಯೂಟರೇ ಹೊಸದಾಗಿ ಜೋಡಿಸುವಂತೆ ಮಾಡಿದರು. ಸತ್ತರೆ ಹಳೆಯ ಜಾಗಕ್ಕೆ ಮರಳುವ ದಾರಿಯನ್ನೂ ಮುಚ್ಚಿದರು.

ಪ್ರತಿಸಲ ಹೊಸ ನಕ್ಷೆ, ಸತ್ತರೆ ಮೊದಲಿನಿಂದ ಆರಂಭ. ನಾಲ್ಕು ದಶಕ ಕಳೆದರೂ ಈ ಕುಟುಂಬದ ಗುರುತು ಈ ಎರಡು ನಿಯಮಗಳೇ. ಬರ್ಕ್‌ಲಿಯ ಯೂನಿಕ್ಸ್ ಸಾಫ್ಟ್‌ವೇರ್ ಜೊತೆಗೇ ಹಂಚಿಕೆಯಾದ್ದರಿಂದ ರೋಗ್ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಹಬ್ಬಿತು. ಅದರ ಸಂತತಿಯಾಗಿ 1987ರಲ್ಲಿ ಬಂದ 'ನೆಟ್‌ಹ್ಯಾಕ್' ಇಂದಿಗೂ ಉಚಿತ, ಇಂದಿಗೂ ಆಡುವವರಿದ್ದಾರೆ.

ಶತಕ ಹೊಡೆದವನೂ ಸೊನ್ನೆಯಿಂದಲೇ ಶುರು

ಈ ಆಟಗಳಲ್ಲಿ ಆರಂಭದಿಂದ ಸಾವು ಅಥವಾ ಗೆಲುವಿನವರೆಗಿನ ಒಂದು ಸುತ್ತಿಗೆ 'ರನ್' ಎನ್ನುತ್ತಾರೆ. ಕ್ರಿಕೆಟ್ ಬಲ್ಲವರಿಗೆ ಇದನ್ನು ಇನ್ನಿಂಗ್ಸ್ ಎಂದರೆ ಬೇಗ ಅರ್ಥವಾಗುತ್ತದೆ. ನಿನ್ನೆ ಶತಕ ಬಾರಿಸಿದ ಬ್ಯಾಟರ್ ಇಂದು ಕ್ರೀಸಿಗೆ ಬಂದಾಗ ಸ್ಕೋರ್‌ಬೋರ್ಡಿನಲ್ಲಿ ಸೊನ್ನೆಯೇ ಇರುತ್ತದೆ. ಪಿಚ್ ಬೇರೆ, ಬೌಲರ್ ಬೇರೆ. ನಿನ್ನೆಯ ರನ್ನುಗಳು ಇಂದಿಗೆ ಬರುವುದಿಲ್ಲ. ಬರುವುದು ಚೆಂಡನ್ನು ಓದುವ ಕಣ್ಣು, ಕಾಲಿನ ಚಲನೆ, ಯಾವ ಚೆಂಡನ್ನು ಬಿಡಬೇಕೆಂಬ ತಿಳಿವಳಿಕೆ ಮಾತ್ರ.

ಸಾಮಾನ್ಯ ವಿಡಿಯೊ ಗೇಮ್‌ಗಳಲ್ಲಿ ಪಾತ್ರ ಬಲಿಷ್ಠವಾಗುತ್ತಾ ಹೋಗುತ್ತದೆ. ನಲವತ್ತು ಗಂಟೆ ಆಡಿದ ಮೇಲೆ ನಾಯಕನ ಕತ್ತಿ ದೊಡ್ಡದಾಗಿರುತ್ತದೆ, ಆಡುವವನ ಕೈಚಳಕ ಹೆಚ್ಚಿರಲೇಬೇಕೆಂದಿಲ್ಲ. ರೋಗ್‌ಲೈಕ್‌ನಲ್ಲಿ ಇದು ತಿರುಗುಮುರುಗು. ಪಾತ್ರ ಪ್ರತಿಸಲ ಬಡಪಾಯಿಯಾಗಿಯೇ ಹುಟ್ಟುತ್ತದೆ. ಬಲಿಯಬೇಕಾದವನು ಕುರ್ಚಿಯಲ್ಲಿ ಕೂತು ಆಡುವವನು. ಈ ಆಟಗಳ ಮೇಲಿನ ಪ್ರೀತಿ ನಿಧಾನವಾಗಿ ಬೆಳೆಯುವುದಕ್ಕೂ, ಬೆಳೆದ ಮೇಲೆ ಗಟ್ಟಿಯಾಗಿ ಉಳಿಯುವುದಕ್ಕೂ ಕಾರಣ ಇದೇ.

ಇನ್ನೆರಡೇ ಮನೆ ದಾಟಿದರೆ ಹಣ್ಣಾಗಬೇಕಿದ್ದ ಕಾಯಿ ಹೊಡೆಸಿಕೊಂಡು ಮೊದಲ ಮನೆಗೆ ಮರಳುವ ನೋವು ಚೌಕಾಬಾರ ಆಡಿದವರಿಗೆ ಹೊಸದಲ್ಲ. ಕವಡೆ ಏನು ಬೀಳುತ್ತದೆ ಎಂಬುದು ಯಾರ ಕೈಯಲ್ಲೂ ಇಲ್ಲ. ಆದರೆ ಬಿದ್ದ ಗರಕ್ಕೆ ಯಾವ ಕಾಯಿ ನಡೆಸಬೇಕು ಎಂಬುದು ಆಡುವವರ ಕೈಯಲ್ಲೇ ಇದೆ. ರೋಗ್‌ಲೈಕ್‌ಗಳ ಆಟವೂ ಈ ಎರಡರ ನಡುವೆಯೇ.

ಪ್ರತಿಸಲ ಹೊಸ ನಕ್ಷೆ ಸಿದ್ಧವಾಗುವುದು ಹೇಗೆ?

ಕಂಪ್ಯೂಟರ್ ಮನಸ್ಸಿಗೆ ಬಂದಂತೆ ಗೋಡೆ, ಗುಂಡಿಗಳನ್ನು ಚೆಲ್ಲಿದರೆ ಆಟ ಆಗುವುದಿಲ್ಲ. ಹೊರಗೆ ಹೋಗುವ ದಾರಿಯೇ ಇಲ್ಲದ ನಕ್ಷೆಯೂ ಬಂದೀತು. ಈ ತೊಡಕನ್ನು ಬಿಡಿಸಿದ ರೀತಿಗೆ 'ಸ್ಪೆಲಂಕಿ' ಒಳ್ಳೆಯ ಉದಾಹರಣೆ. ಅಮೆರಿಕದ ಡೆರೆಕ್ ಯು 2008ರಲ್ಲಿ ಇದನ್ನು ಉಚಿತವಾಗಿ ಬಿಟ್ಟರು. 2012ರಲ್ಲಿ ಹೊಸ ಚಿತ್ರಗಳೊಂದಿಗೆ ಮತ್ತೆ ಬಂತು.

ಸ್ಪೆಲಂಕಿಯ ಪ್ರತಿ ಹಂತವೂ ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ನಾಲ್ಕು, ಒಟ್ಟು 16 ಕೋಣೆಗಳ ಚೌಕ. ಕಂಪ್ಯೂಟರ್ ಮೊದಲು ಮೇಲಿನ ಸಾಲಿನ ಒಂದು ಕೋಣೆಯಲ್ಲಿ ಬಾಗಿಲಿಡುತ್ತದೆ. ಅಲ್ಲಿಂದ ಎಡಕ್ಕೋ ಬಲಕ್ಕೋ ಕೆಳಕ್ಕೋ ಸರಿಯುತ್ತಾ ಕೊನೆಯ ಸಾಲು ಮುಟ್ಟುವ ಒಂದು ದಾರಿ ಎಳೆಯುತ್ತದೆ. ಈ ದಾರಿ ಯಾವತ್ತೂ ಮುಚ್ಚಿರುವುದಿಲ್ಲ. ಆಮೇಲೆ ಪ್ರತಿ ಕೋಣೆಗೂ ಡೆವಲಪರ್ ಕೈಯಾರೆ ಬರೆದಿಟ್ಟ ಮಾದರಿಗಳಿಂದ ಒಂದನ್ನು ಆರಿಸಿ, ಕಲ್ಲು, ಮುಳ್ಳು, ಶತ್ರು, ನಿಧಿಗಳನ್ನು ಅಲ್ಲಲ್ಲಿ ಬದಲಿಸುತ್ತದೆ. ಚೌಕಟ್ಟು ಮನುಷ್ಯನದು, ಜೋಡಣೆ ಯಂತ್ರದ್ದು.

ಇದಕ್ಕೆಲ್ಲ ಮೂಲ ಒಂದು ಸಂಖ್ಯೆ. ಅದಕ್ಕೆ 'ಸೀಡ್' ಅಂದರೆ ಬೀಜ ಎನ್ನುತ್ತಾರೆ. ಒಂದೇ ಬೀಜ ಕೊಟ್ಟರೆ ಒಂದೇ ನಕ್ಷೆ ಹುಟ್ಟುತ್ತದೆ. ಈ ಗುಣ ಬಳಸಿಕೊಂಡು ಸ್ಪೆಲಂಕಿಯ ಕಂಪ್ಯೂಟರ್ ಆವೃತ್ತಿ 'ಡೈಲಿ ಚಾಲೆಂಜ್' ತಂದಿತು. ಆ ದಿನ ಜಗತ್ತಿನ ಎಲ್ಲ ಆಟಗಾರರಿಗೂ ಒಂದೇ ನಕ್ಷೆ, ತಲಾ ಒಂದೇ ಅವಕಾಶ. ಒಬ್ಬೊಬ್ಬರೇ ಆಡುವ ಆಟದಲ್ಲೂ ಪರೀಕ್ಷೆ ಮುಗಿಸಿ ಬಂದ ವಿದ್ಯಾರ್ಥಿಗಳಂತೆ 'ನೀನು ಎಲ್ಲಿ ಸತ್ತೆ?' ಎಂದು ಮಾತಾಡಿಕೊಳ್ಳುವುದು ಇದರಿಂದ ಸಾಧ್ಯವಾಯಿತು.

ಸಿಟ್ಟು ಇಳಿದು ಪಾಠ ಹತ್ತುವುದು ಯಾವಾಗ?

ಸ್ಪೆಲಂಕಿಯಲ್ಲಿ ಹೊಸಬರು ಮೊದಮೊದಲು ಸಾಯುವುದು ಗೋಡೆಯಲ್ಲಿ ಅಡಗಿದ ಬಾಣದಿಂದ. ಎದುರಿಗೆ ಏನಾದರೂ ಚಲಿಸಿದರೆ ಸಾಕು, ಬಾಣ ಹಾರುತ್ತದೆ. ಇರುವ ನಾಲ್ಕು ಜೀವಗಳಲ್ಲಿ ಎರಡು ಹೋಗುತ್ತವೆ. ಇದು ಅನ್ಯಾಯ ಎನಿಸುತ್ತದೆ. ಆದರೆ ಆ ಕಲ್ಲಿನ ಮುಖ ಮರೆಯಾಗೇನೂ ಇರುವುದಿಲ್ಲ, ಕಣ್ಣಿಗೆ ಕಾಣುವಂತೆಯೇ ಇರುತ್ತದೆ. ನಾಲ್ಕಾರು ಸಲ ಸತ್ತ ಮೇಲೆ ಆಟಗಾರ ನೋಡಿ ನಡೆಯುತ್ತಾನೆ. ಇನ್ನೂ ಕೆಲವು ಸಲ ಆಡಿದ ಮೇಲೆ ಕಾಲ ಬಳಿ ಬಿದ್ದ ಕಲ್ಲೋ ಮಡಕೆಯೋ ಎತ್ತಿ ಮೊದಲು ಅದನ್ನು ಎಸೆಯುತ್ತಾನೆ. ಬಾಣ ಅದಕ್ಕೆ ಹಾರಿ ಖಾಲಿಯಾಗುತ್ತದೆ. ಮುಂದೊಂದು ದಿನ ಅದೇ ಬಾಣಕ್ಕೆ ಶತ್ರುವನ್ನು ಸಿಕ್ಕಿಸುವ ಉಪಾಯ ಹೊಳೆಯುತ್ತದೆ.

ಆಟ ಬದಲಾಗಿಲ್ಲ. ನೂರನೇ ಸುತ್ತಿನಲ್ಲೂ ನಾಯಕನಿಗೆ ಅದೇ ನಾಲ್ಕು ಜೀವ, ನಾಲ್ಕು ಬಾಂಬು, ನಾಲ್ಕು ಹಗ್ಗ. ಬದಲಾದದ್ದು ನೋಡುವ ಕಣ್ಣು. ನಕ್ಷೆ ಪ್ರತಿಸಲ ಬೇರೆಯಾದ್ದರಿಂದ ಬಾಯಿಪಾಠ ನಡೆಯುವುದಿಲ್ಲ, ನಿಯಮ ಅರ್ಥವಾಗಲೇಬೇಕು.

ಇದಕ್ಕಿಂತ ಸೂಕ್ಷ್ಮವಾದ ಪಾಠ 'ಸ್ಲೇ ದಿ ಸ್ಪೈರ್'ನಲ್ಲಿದೆ. ಆಂಥನಿ ಜಿಯೊವನೆಟ್ಟಿ ಮತ್ತು ಕೇಸಿ ಯಾನೊ ಎಂಬಿಬ್ಬರು ಕಟ್ಟಿದ ಮೆಗಾಕ್ರಿಟ್ ಸಂಸ್ಥೆಯ ಈ ಆಟ 2017ರ ಕೊನೆಯಲ್ಲಿ ಪ್ರಾಯೋಗಿಕವಾಗಿ, 2019ರ ಜನವರಿಯಲ್ಲಿ ಪೂರ್ಣವಾಗಿ ಬಂತು. ಇಲ್ಲಿ ಹೊಡೆತ, ರಕ್ಷಣೆ ಎಲ್ಲವೂ ಕಾರ್ಡುಗಳ ಮೂಲಕ. ಮೊದಲ ಪಾತ್ರ 10 ಕಾರ್ಡುಗಳೊಂದಿಗೆ ಹೊರಡುತ್ತದೆ. ಪ್ರತಿ ಸರದಿಗೆ ಐದು ಕಾರ್ಡು ಕೈಗೆ ಬರುತ್ತವೆ, ಖರ್ಚು ಮಾಡಲು ಮೂರು ಶಕ್ತಿ ಇರುತ್ತದೆ. ಎದುರಾಳಿ ಮುಂದೆ ಏನು ಮಾಡಲಿದ್ದಾನೆ ಎಂಬುದು ಅವನ ತಲೆಯ ಮೇಲೆಯೇ ಬರೆದಿರುತ್ತದೆ. 11ರ ಹೊಡೆತ ಬರಲಿದೆ ಎಂದುಕೊಳ್ಳಿ. ಐದೈದು ತಡೆಯುವ ಎರಡು ಗುರಾಣಿ ಕಾರ್ಡು ಇಟ್ಟು, ಉಳಿದ ಒಂದು ಶಕ್ತಿಯಲ್ಲಿ ಆರು ಹೊಡೆಯುವುದೇ? ಅಥವಾ ಪೆಟ್ಟು ತಿಂದಾದರೂ ಮೂರು ಸಲ ಹೊಡೆಯುವುದೇ? ಮೋಸವಿಲ್ಲ, ಮುಚ್ಚುಮರೆಯಿಲ್ಲ. ತೀರ್ಮಾನವಷ್ಟೇ ಆಟಗಾರನದು.

ಪ್ರತಿ ಕಾಳಗ ಗೆದ್ದ ಮೇಲೆ ಮೂರು ಹೊಸ ಕಾರ್ಡು ತೋರಿಸಿ ಒಂದನ್ನು ಆರಿಸಿಕೊಳ್ಳಲು ಹೇಳುತ್ತದೆ. ಹೊಸಬರು ಪ್ರತಿಸಲವೂ ಒಂದನ್ನು ತೆಗೆದುಕೊಳ್ಳುತ್ತಾರೆ. ಸಿಕ್ಕಿದ್ದನ್ನು ಬಿಡುವುದುಂಟೇ? ಕೆಲವು ದಿನಗಳಲ್ಲಿ ಸೋಲಿನ ಲೆಕ್ಕ ಹೊಳೆಯುತ್ತದೆ. ಹತ್ತು ಕಾರ್ಡಿನ ಕಟ್ಟಿನಲ್ಲಿ ಐದೈದರಂತೆ ಬಂದರೆ ಎರಡು ಸರದಿಗೊಮ್ಮೆ ಪ್ರತಿ ಕಾರ್ಡೂ ಕೈಗೆ ಸಿಗುತ್ತದೆ. ಕಟ್ಟು 30ಕ್ಕೆ ಬೆಳೆದರೆ ಒಳ್ಳೆಯ ಕಾರ್ಡಿಗೆ ಆರು ಸರದಿವರೆಗೂ ಕಾಯಬೇಕಾದೀತು. ಅಷ್ಟರಲ್ಲಿ ಕಥೆ ಮುಗಿದಿರುತ್ತದೆ. 'ಬೇಡ' ಎನ್ನುವ ಬಟನ್ ಮೊದಲ ದಿನದಿಂದಲೂ ಅಲ್ಲೇ ಇತ್ತು. ಅದರ ಬೆಲೆ ತಿಳಿಯಲು ಇಪ್ಪತ್ತು ಸೋಲು ಬೇಕಾಯಿತು.

ಆಟಗಾರನ ಮನಸ್ಸು ತಿರುಗುವುದು ಇಂಥ ಕ್ಷಣಗಳಲ್ಲೇ. 'ಆಟ ನನ್ನನ್ನು ಸೋಲಿಸಿತು' ಎಂಬ ಮಾತು 'ಅಲ್ಲಿ ನಾನು ಎಡವಿದೆ' ಎಂದು ಬದಲಾಗುತ್ತದೆ. ತಪ್ಪು ಗೊತ್ತಾದ ಮೇಲೆ ಅದನ್ನು ತಿದ್ದಿ ನೋಡುವ ಆಸೆ ಸಹಜ. ಹೊಸ ಸುತ್ತು ಒಂದು ಬಟನ್ ದೂರದಲ್ಲಿದೆ. ಗೆದ್ದರೂ ಆಟ ಮುಗಿಯುವುದಿಲ್ಲ. ಸ್ಲೇ ದಿ ಸ್ಪೈರ್ ಒಂದೊಂದೇ ತೊಡಕು ಸೇರಿಸುತ್ತಾ 20 ಮೆಟ್ಟಿಲು ಹತ್ತಿಸುತ್ತದೆ.

ಸಾವಿನೊಂದಿಗೆ ಕಥೆಯೂ ಮುಂದುವರಿದಾಗ

ಎಲ್ಲರಿಗೂ ಈ ಕಠಿಣ ಶಿಸ್ತು ಒಗ್ಗುವುದಿಲ್ಲ. ಅದಕ್ಕಾಗಿ ಕೆಲವು ಆಟಗಳು ನಿಯಮವನ್ನು ಸ್ವಲ್ಪ ಸಡಿಲಿಸಿದವು. 2013ರ 'ರೋಗ್ ಲೆಗಸಿ'ಯಲ್ಲಿ ನಾಯಕ ಸತ್ತರೆ ಅವನ ಮಗನೋ ಮಗಳೋ ಕತ್ತಿ ಹಿಡಿದು ಬರುತ್ತಾರೆ. ತಂದೆ ಗಳಿಸಿದ ಚಿನ್ನದಲ್ಲಿ ಮನೆತನದ ಕೋಟೆ ಕಟ್ಟಬಹುದು, ಮುಂದಿನ ತಲೆಮಾರು ಒಂದಿಷ್ಟು ಬಲಿಷ್ಠವಾಗಿ ಹುಟ್ಟುತ್ತದೆ. ಹೀಗೆ ಸಾವಿನ ನಂತರವೂ ಏನಾದರೂ ಉಳಿಸಿಕೊಡುವ ಆಟಗಳಿಗೆ 'ರೋಗ್‌ಲೈಟ್' ಎಂಬ ಹೆಸರು ಬಂತು.

ಈ ಹಾದಿಯಲ್ಲಿ ಹೆಚ್ಚು ಹೆಸರು ಮಾಡಿದ್ದು ಸ್ಯಾನ್ ಫ್ರಾನ್ಸಿಸ್ಕೋದ ಸೂಪರ್‌ಜೈಂಟ್ ಗೇಮ್ಸ್ 2020ರಲ್ಲಿ ಪೂರ್ಣವಾಗಿ ಹೊರತಂದ 'ಹೇಡಿಸ್'. ಗ್ರೀಕ್ ಪುರಾಣದ ಪಾತಾಳದೊರೆ ಹೇಡಿಸ್‌ನ ಮಗ ಜಾಗ್ರಿಯಸ್ ಅಪ್ಪನ ಲೋಕದಿಂದ ತಪ್ಪಿಸಿಕೊಳ್ಳಲು ಹೊರಡುತ್ತಾನೆ. ದಾರಿಯಲ್ಲಿ ಸಾಯುತ್ತಾನೆ. ಸತ್ತವರು ಹೋಗುವುದೆಲ್ಲಿಗೆ? ಪಾತಾಳಕ್ಕೇ! ಹಾಗಾಗಿ ಪ್ರತಿ ಸಾವಿನ ನಂತರ ಅವನು ಮರಳುವುದು ಅಪ್ಪನ ಮನೆಗೆ. ಅಲ್ಲಿ ಅಪ್ಪ ಚುಚ್ಚಿ ಮಾತಾಡುತ್ತಾನೆ, ಗೆಳೆಯರು ಸಮಾಧಾನ ಹೇಳುತ್ತಾರೆ, ಈ ಸಲ ಯಾರ ಕೈಯಲ್ಲಿ ಸತ್ತೆ ಎಂದು ಕೆಣಕುತ್ತಾರೆ. ಧ್ವನಿಮುದ್ರಿತ ಮಾತುಗಳೇ 20 ಸಾವಿರಕ್ಕೂ ಹೆಚ್ಚು. ಸತ್ತರೆ ಹೊಸ ಮಾತು ಕೇಳಬಹುದು ಎನಿಸಿದ ಮೇಲೆ ಸೋಲಿನ ಕಹಿ ಅರ್ಧ ಇಳಿಯುತ್ತದೆ.

ತೀರಾ ಕಷ್ಟ ಎನ್ನುವವರಿಗೆ 'ಗಾಡ್ ಮೋಡ್' ಇದೆ. ಶತ್ರುಗಳ ಹೊಡೆತ ಮೊದಲಿಗೆ ಶೇ 20ರಷ್ಟು ತಗ್ಗುತ್ತದೆ, ಪ್ರತಿ ಸಾವಿಗೂ ಇನ್ನೆರಡು ಶೇಕಡಾ ತಗ್ಗುತ್ತಾ ಹೋಗುತ್ತದೆ. 2021ರಲ್ಲಿ ಹೇಡಿಸ್‌ಗೆ ಬಾಫ್ಟಾದ ಅತ್ಯುತ್ತಮ ಗೇಮ್ ಪ್ರಶಸ್ತಿಯ ಜೊತೆಗೆ ವೈಜ್ಞಾನಿಕ ಕಥೆ ಮತ್ತು ಫ್ಯಾಂಟಸಿ ಸಾಹಿತ್ಯಕ್ಕೆ ಕೊಡುವ ಹ್ಯೂಗೊ ಪ್ರಶಸ್ತಿಯೂ ಸಿಕ್ಕಿತು. ವಿಡಿಯೊ ಗೇಮ್ ವಿಭಾಗದಲ್ಲಿ ಹ್ಯೂಗೊ ಪಡೆದ ಮೊದಲ ಆಟ ಅದು.

ಇವನ್ನು ರೋಗ್‌ಲೈಕ್ ಎನ್ನಬಹುದೇ ಎಂಬ ಜಗಳ ಈಗಲೂ ನಡೆಯುತ್ತಿದೆ. 2008ರಲ್ಲಿ ಬರ್ಲಿನ್‌ನಲ್ಲಿ ಸೇರಿದ್ದ ಡೆವಲಪರ್‌ಗಳು ಲಕ್ಷಣಗಳ ಪಟ್ಟಿಯನ್ನೇ ಮಾಡಿದ್ದರು. ಅದರ ಪ್ರಕಾರ ಆಟ ಸರದಿಯಂತೆ, ಚೌಕಗಳ ಮೇಲೆ ನಡೆಯಬೇಕು. ಹಾಗೆ ನೋಡಿದರೆ ಇಂದಿನ ಜನಪ್ರಿಯ ಆಟಗಳಲ್ಲಿ ಹೆಚ್ಚಿನವು ಹೊರಗುಳಿಯುತ್ತವೆ. ಆಡುವವರು ಮಾತ್ರ ಎರಡನ್ನೂ ಒಂದೇ ಹೆಸರಿನಲ್ಲಿ ಕರೆಯುತ್ತಾರೆ.

ಸಣ್ಣ ತಂಡಗಳೇ ಇವನ್ನು ಕಟ್ಟುವುದೇಕೆ?

ದೊಡ್ಡ ಕಂಪನಿಗಳ ಗೇಮ್‌ಗಳಿಗೆ ನೂರಾರು ಕಲಾವಿದರು ವರ್ಷಗಟ್ಟಲೆ ನಗರ, ಕಾಡು, ಕೋಟೆಗಳನ್ನು ಬಿಡಿಸಬೇಕು. ಅಷ್ಟು ಮಾಡಿದರೂ ಆಟಗಾರ ಒಮ್ಮೆ ನೋಡಿ ಮುಂದೆ ಹೋಗುತ್ತಾನೆ. ಒಬ್ಬಿಬ್ಬರ ಇಂಡಿ ತಂಡಕ್ಕೆ ಅದು ಆಗದ ಮಾತು. ಆದರೆ ಇನ್ನೂರು ಕಾರ್ಡು, ಐವತ್ತು ಶತ್ರು, ಅವು ಒಂದಕ್ಕೊಂದು ಸೇರಿದಾಗ ಏನಾಗಬೇಕೆಂಬ ಗಟ್ಟಿ ನಿಯಮಗಳನ್ನು ಅವರು ಬರೆಯಬಲ್ಲರು. ಜೋಡಣೆಯ ಕೆಲಸ ಕಂಪ್ಯೂಟರಿನದು. ಇರುವ ಕೆಲವೇ ಸಾಮಾನಿನಲ್ಲಿ ನೂರು ಗಂಟೆಯ ಆಟ ಸಿಗುತ್ತದೆ.

ಹಣ ಹೊಂದಿಸುವ ದಾರಿಯೂ ತೆರೆದುಕೊಂಡಿತು. ಜಸ್ಟಿನ್ ಮಾ ಮತ್ತು ಮ್ಯಾಥ್ಯೂ ಡೇವಿಸ್ ತಮ್ಮ ಬಾಹ್ಯಾಕಾಶ ನೌಕೆಯ ಆಟ 'ಎಫ್‌ಟಿಎಲ್'ಗಾಗಿ 2012ರಲ್ಲಿ ಕಿಕ್‌ಸ್ಟಾರ್ಟರ್ ತಾಣದಲ್ಲಿ 10 ಸಾವಿರ ಡಾಲರ್ ಕೇಳಿದರು. ಬಂದದ್ದು ಎರಡು ಲಕ್ಷ ಡಾಲರ್‌ಗೂ ಹೆಚ್ಚು. ಹಿಂದೆ ಬಂಡುಕೋರರ ಪಡೆ ಅಟ್ಟಿಸಿಕೊಂಡು ಬರುತ್ತಿರುವಾಗ, ನೌಕೆಗೆ ಹತ್ತಿದ ಬೆಂಕಿ ನಂದಿಸಲು ಬಾಗಿಲು ತೆರೆದು ಆಮ್ಲಜನಕವನ್ನೇ ಹೊರಬಿಡುವಂಥ ಉಪಾಯಗಳು ಈ ಆಟದ ಜೀವಾಳ. 'ಡೆಡ್ ಸೆಲ್ಸ್' ಕಟ್ಟಿದ ಫ್ರಾನ್ಸಿನ ಬೋರ್ಡೊ ನಗರದ ಮೋಷನ್ ಟ್ವಿನ್ ಒಂದು ಕಾರ್ಮಿಕರ ಸಹಕಾರಿ ಸಂಸ್ಥೆ, ಅಲ್ಲಿ ಎಲ್ಲರಿಗೂ ಸಮಾನ ಸಂಬಳ.

ಈ ಆಟಗಳಲ್ಲಿ ಬಹುತೇಕವು ಸಾಧಾರಣ ಲ್ಯಾಪ್‌ಟಾಪಿನಲ್ಲೇ ನಡೆಯುತ್ತವೆ, ದುಬಾರಿ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ. ಸರದಿಯಂತೆ ಆಡುವವು ಮುಂಬೈ ಲೋಕಲ್‌ನಲ್ಲೋ ದೆಹಲಿ ಮೆಟ್ರೊದಲ್ಲೋ ಮೊಬೈಲ್ ಹಿಡಿದವರಿಗೂ ಒಗ್ಗುತ್ತವೆ. ನಿಲ್ದಾಣ ಬಂದರೆ ಜೇಬಿಗಿಳಿಸಿ, ಸಂಜೆ ಅಲ್ಲಿಂದಲೇ ಮುಂದುವರಿಸಬಹುದು.

ಇಸ್ಪೀಟಿನ ಎಲೆ, ಗುಣಾಕಾರದ ಮಜಾ

ಬಲಾಟ್ರೊ ಬರೆದವರು 'ಲೋಕಲ್‌ಥಂಕ್' ಎಂಬ ಹೆಸರಿನ ಹಿಂದೆಯೇ ಉಳಿದಿದ್ದಾರೆ. 52 ಎಲೆಗಳ ಮಾಮೂಲಿ ಕಟ್ಟು, ಪೋಕರ್‌ನ ಜೋಡಿ, ಸಾಲು ಮುಂತಾದ ಕಟ್ಟುಪಾಡುಗಳು. ಆದರೆ ಎದುರಾಳಿ ಇಲ್ಲ, ಪಣವಿಲ್ಲ. ನಿಗದಿತ ಅಂಕ ಮುಟ್ಟಬೇಕು, ಅಷ್ಟೇ.

ಲೆಕ್ಕ ಹೀಗಿದೆ. ಜೋಡಿಗೆ ಮೂಲ ಅಂಕ 10, ಗುಣಕ 2. ಎರಡು ಎಕ್ಕ ಇಟ್ಟರೆ ತಲಾ 11 ಸೇರಿ 32, ಎರಡರಿಂದ ಗುಣಿಸಿದರೆ 64. ಮೊದಲ ಗುರಿ 300, ಸಿಗುವ ಅವಕಾಶ ನಾಲ್ಕು. ನಾಲ್ಕು ಸಲ ಎಕ್ಕದ ಜೋಡಿ ಬಿದ್ದರೂ 256, ಸಾಲದು. ಈಗ ಗುಣಕಕ್ಕೆ ನಾಲ್ಕು ಸೇರಿಸುವ ಒಂದು ಸಾದಾ ಜೋಕರ್ ಬಂತೆಂದುಕೊಳ್ಳಿ. ಅದೇ 32 ಈಗ ಆರರಿಂದ ಗುಣಿಸಿ 192 ಆಗುತ್ತದೆ. ಎರಡೇ ಸಲಕ್ಕೆ ಗುರಿ ದಾಟಿತು. ಇಂಥ ಜೋಕರ್‌ಗಳು 150 ಇವೆ, ಸಾಮಾನ್ಯವಾಗಿ ಒಮ್ಮೆಗೆ ಇಟ್ಟುಕೊಳ್ಳಬಹುದಾದದ್ದು ಐದು. ಎಂಟನೇ ಹಂತದ ಕೊನೆಯಲ್ಲಿ ಗುರಿ ಸಾಮಾನ್ಯವಾಗಿ ಒಂದು ಲಕ್ಷ. ಯಾವ ಐದು ಒಂದಕ್ಕೊಂದು ಹೊಂದುತ್ತವೆ ಎಂಬ ಹುಡುಕಾಟವೇ ಆಟ.

ಇದು ಜೂಜೇ?

ಈ ಪ್ರಶ್ನೆ ಯುರೋಪಿನಲ್ಲೂ ಎದ್ದಿತ್ತು. ಅಲ್ಲಿನ ವಯೋಮಿತಿ ನಿಗದಿಪಡಿಸುವ 'ಪೆಗಿ' ಸಂಸ್ಥೆ ಪೋಕರ್‌ನ ಚಿತ್ರಣವಿದೆ ಎಂಬ ಕಾರಣಕ್ಕೆ ಬಲಾಟ್ರೊಗೆ 18 ವರ್ಷ ಮೇಲ್ಪಟ್ಟವರ ಮುದ್ರೆ ಒತ್ತಿತ್ತು. ಪ್ರಕಾಶಕರ ಮೇಲ್ಮನವಿ ಬಳಿಕ 2025ರ ಫೆಬ್ರವರಿಯಲ್ಲಿ ಅದನ್ನು 12ಕ್ಕೆ ಇಳಿಸಲಾಯಿತು. ಬಲಾಟ್ರೊದ ಹಕ್ಕನ್ನು ಯಾವ ಜೂಜು ಕಂಪನಿಗೂ ಮಾರಬಾರದೆಂದು ತಮ್ಮ ಉಯಿಲಿನಲ್ಲೇ ಬರೆದಿಟ್ಟಿರುವುದಾಗಿ ಲೋಕಲ್‌ಥಂಕ್ 2024ರಲ್ಲಿ ಹೇಳಿದ್ದರು.

ವ್ಯಾಂಪೈರ್ ಸರ್ವೈವರ್ಸ್‌ನ ಕಥೆ ಇನ್ನೂ ಕುತೂಹಲದ್ದು. ಅದನ್ನು ಬರೆದ ಇಟಲಿ ಮೂಲದ ಲೂಕಾ ಗಲಾಂತೆ ಮೊದಲು ಜೂಜು ಉದ್ಯಮದಲ್ಲಿ ಕೆಲಸ ಮಾಡಿದವರು. ಆಟದಲ್ಲಿ ನಿಧಿಪೆಟ್ಟಿಗೆ ತೆರೆದಾಗಿನ ಬೆಳಕು, ಸದ್ದು, ಚಿಮ್ಮುವ ನಾಣ್ಯಗಳಲ್ಲಿ ಆ ಅನುಭವ ಕಾಣುತ್ತದೆ. ಆದರೆ ಆ ಪೆಟ್ಟಿಗೆ ತೆರೆಯಲು ಹಣ ಕೊಡಬೇಕಿಲ್ಲ.

ವ್ಯತ್ಯಾಸ ಇರುವುದು ಇಲ್ಲೇ. ಜೂಜಿನಲ್ಲಿ ಸೋತವನು ಹಣ ಕಳೆದುಕೊಳ್ಳುತ್ತಾನೆ, ಮುಂದಿನ ಸಲಕ್ಕೆ ಅವನಿಗೆ ಉಳಿಯುವುದು ಆಸೆ ಮಾತ್ರ. ರೋಗ್‌ಲೈಕ್‌ನಲ್ಲಿ ಸೋತವನ ಜೇಬಿನಿಂದ ಏನೂ ಹೋಗುವುದಿಲ್ಲ, ಮುಂದಿನ ಸಲಕ್ಕೆ ಒಂದಿಷ್ಟು ತಿಳಿವಳಿಕೆ ಉಳಿಯುತ್ತದೆ. ಭಾರತದಲ್ಲಿ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸುವುದು ಹಣ ಕಟ್ಟಿ, ಹಣ ಗೆಲ್ಲುವ ಆಸೆಯಿಂದ ಆಡುವ ಆಟಗಳನ್ನು. ಒಮ್ಮೆ ಬೆಲೆ ಕೊಟ್ಟು ಕೊಂಡು, ಪಣವಿಲ್ಲದೆ ಆಡುವ ಆಟ ಆ ಸಾಲಿನದಲ್ಲ. ಪರದೆಯ ಮೇಲೆ ಎಲೆ ಕಂಡ ಕೂಡಲೇ ಬೆಚ್ಚುವ ಬದಲು, ಒಳಗೆ ಹಣ ಕಟ್ಟುವ ವ್ಯವಸ್ಥೆ ಇದೆಯೇ ಎಂದು ನೋಡುವುದು ಪೋಷಕರಿಗೆ ಸರಿಯಾದ ಪರೀಕ್ಷೆ.

'ಇನ್ನೊಂದೇ ಸುತ್ತು' ಎಂಬ ಬಲೆ

ಹಾಗೆಂದು ಅಪಾಯವೇ ಇಲ್ಲ ಎಂದಲ್ಲ. ಹಣ ಹೋಗದಿದ್ದರೂ ಸಮಯ ಹೋಗುತ್ತದೆ. ಸುತ್ತು ಚಿಕ್ಕದು, ಮರು ಆರಂಭ ಸುಲಭ, ಸೋತ ಕಾರಣ ಕಣ್ಣ ಮುಂದೆಯೇ ಇರುತ್ತದೆ. ಹಾಗಾಗಿ ಆಟಗಾರನನ್ನು ಹಿಡಿಯುವ ಅದೇ ಗುಣ ರಾತ್ರಿ ಹನ್ನೊಂದರ ಆಟವನ್ನು ಎರಡು ಗಂಟೆಗೆ ಎಳೆಯಬಲ್ಲದು. ಸೋತ ಸಿಟ್ಟಿನಲ್ಲಿ ಶುರು ಮಾಡಿದ ಸುತ್ತಿನಲ್ಲಿ ಪಾಠವೂ ಹತ್ತುವುದಿಲ್ಲ, ಅದೇ ತಪ್ಪು ಮರುಕಳಿಸುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ವರ್ಗೀಕರಣದ 11ನೇ ಆವೃತ್ತಿಯಲ್ಲಿ ಗೇಮಿಂಗ್ ವ್ಯಸನವನ್ನು ಸೇರಿಸಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಬೇರೆಲ್ಲ ಕೆಲಸಕ್ಕಿಂತ ಆಟವೇ ಮೇಲಾಗುವುದು, ಹಾನಿ ಕಂಡರೂ ಬಿಡಲಾಗದಿರುವುದು ಅದರ ಲಕ್ಷಣಗಳು. ಸಾಮಾನ್ಯವಾಗಿ 12 ತಿಂಗಳು ಹೀಗಿದ್ದರೆ ವ್ಯಸನ ಎಂದು ಪರಿಗಣಿಸುತ್ತಾರೆ. ಇಂಥವರ ನೆರವಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ 'ಶಟ್' ಕ್ಲಿನಿಕ್ ನಡೆಯುತ್ತಿದೆ. ಹೆಚ್ಚಿನವರಿಗೆ ಸರಳ ಕಟ್ಟಳೆ ಸಾಕು. ಇಷ್ಟು ಗಂಟೆಯವರೆಗೆ ಎಂಬುದಕ್ಕಿಂತ ಇಷ್ಟು ಸುತ್ತು ಎಂದು ಮೊದಲೇ ಎಣಿಸಿಕೊಳ್ಳುವುದು ಈ ಆಟಗಳಿಗೆ ಚೆನ್ನಾಗಿ ಹೊಂದುತ್ತದೆ, ಏಕೆಂದರೆ ಸಾವೇ ಸಹಜವಾದ ನಿಲುಗಡೆ.

ಹೊಸಬರು ಎಲ್ಲಿಂದ ಶುರು ಮಾಡಬಹುದು?

* ದುಡ್ಡು ಖರ್ಚಿಲ್ಲದೆ ನೋಡಬೇಕೆನ್ನುವವರಿಗೆ: ಆಂಡ್ರಾಯ್ಡ್ ಫೋನಿನಲ್ಲಿ 'ಶ್ಯಾಟರ್ಡ್ ಪಿಕ್ಸೆಲ್ ಡಂಜನ್' ಉಚಿತ. ಹಳೆಯ ರೋಗ್‌ನ ರೂಢಿಗೆ ಹತ್ತಿರವಾದ, ಆದರೆ ಚಿತ್ರಗಳಿರುವ ಆಟ.
* ಇಸ್ಪೀಟು, ಲೆಕ್ಕ ಇಷ್ಟಪಡುವವರಿಗೆ: ಬಲಾಟ್ರೊ. ಮೊಬೈಲಿನಲ್ಲೂ ಸಿಗುತ್ತದೆ. ಪೋಕರ್ ಗೊತ್ತಿರಬೇಕಿಲ್ಲ, ಆಟವೇ ಪಟ್ಟಿ ತೋರಿಸುತ್ತದೆ.
* ಚದುರಂಗದಂತೆ ಯೋಚಿಸಿ ಆಡುವವರಿಗೆ: ಸ್ಲೇ ದಿ ಸ್ಪೈರ್.
* ಕಥೆ, ಮಾತು, ಸಂಗೀತ ಬೇಕೆನ್ನುವವರಿಗೆ: ಹೇಡಿಸ್.
* ಒಂದೇ ಕೈಯಲ್ಲಿ, ಅರ್ಧ ಗಂಟೆಯೊಳಗೆ ಮುಗಿಸಬೇಕೆನ್ನುವವರಿಗೆ: ವ್ಯಾಂಪೈರ್ ಸರ್ವೈವರ್ಸ್.
* ಕೈಚಳಕದ ಸವಾಲು ಬೇಕೆನ್ನುವವರಿಗೆ: ಸ್ಪೆಲಂಕಿ. ಮೊದಲ ವಾರ ತಾಳ್ಮೆ ಬೇಕು.

ಯಾವುದನ್ನೇ ಆರಿಸಿದರೂ ಮೊದಲ ಹತ್ತು ಸೋಲುಗಳಿಂದ ಆಟವನ್ನು ಅಳೆಯಬಾರದು. ಪ್ರತಿ ಸಾವಿನ ನಂತರ ಒಂದು ನಿಮಿಷ ನಿಂತು, ಎಲ್ಲಿ ಎಡವಿದ್ದು ಎಂದು ನೋಡಿಕೊಂಡರೆ ಸಾಕು. ಹನ್ನೊಂದನೇ ಸುತ್ತಿನಲ್ಲಿ ಆ ಜಾಗವನ್ನು ತಿಳಿದು ದಾಟಿದಾಗ ಸಿಗುವ ಖುಷಿಯೇ ಈ ಆಟಗಳು ಕೊಡುವ ನಿಜವಾದ ಬಹುಮಾನ. ಹತ್ತು ಸೋಲಿನ ನಂತರವೂ ಅಂಥ ಖುಷಿ ಸಿಗದಿದ್ದರೆ ಅದು ತಮಗೆ ಹೊಂದುವ ಆಟವಲ್ಲ ಎಂದು ಬಿಟ್ಟು, ಪಟ್ಟಿಯ ಇನ್ನೊಂದನ್ನು ನೋಡಬಹುದು.